ಮುನ್ಷಿಯ ಮುಂದೆ ಕುಳಿತ ಮಿಷನರಿಗಳು

ಬಿಳಿಯ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಪಟ್ಟಿ. ಹೀಗೆ ಇಬ್ಬಿಬ್ಬರಾಗಿ ನಡೆದು ಹೋಗುವ ಇಪ್ಪತ್ತರ ಆಸುಪಾಸಿನ ತರುಣರನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ಜನರು ಮಾರ್ಮನ್ನರೆಂದು ಕರೆಯುವ ಪಂಥದ ಸೇವಕರಿವರು. 1993ರಿಂದ ಅವರ ಮಿಷನ್ನಿನ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಅಮೆರಿಕದ ಯೂಟಾ ರಾಜ್ಯದ ಪ್ರೋವೊ ಪಟ್ಟಣದಲ್ಲಿ ಅವರದೊಂದು ದೊಡ್ಡ ತರಬೇತಿ ಕೇಂದ್ರವಿದೆ. ಪರದೇಶಕ್ಕೆ ಹೊರಡುವವರಿಗಾಗಿ 1961ರಲ್ಲಿ ಆರಂಭವಾದ ಭಾಷಾ ಶಿಕ್ಷಣವೇ ಬೆಳೆದು ಆ ಕೇಂದ್ರವಾಯಿತು. 2012ರಿಂದ ಹದಿನೆಂಟು ತುಂಬಿದ ಹುಡುಗರೂ ಹೊರಡಬಹುದಾಗಿದೆ. ಕೆಲವು ವಾರಗಳ ಪಾಠ, ಬಳಿಕ ಎರಡು ವರ್ಷಗಳ ಸೇವೆ, ಅನಂತರ ಊರಿಗೆ ಮರಳಿ ಓದು ಅಥವಾ ಉದ್ಯೋಗ. ಅವರ ಬೋಧನೆಗೂ ನಮ್ಮ ವಿಶ್ವಾಸಕ್ಕೂ ನಡುವೆ ಇರುವ ಅಂತರ ದೊಡ್ಡದು. ಆ ಚರ್ಚೆ ಇಲ್ಲಿ ಬೇಡ. ಆದರೆ ಆ ಎಳೆಯ ಮುಖಗಳು ನಮ್ಮ ಮುಂದೆ ಇನ್ನೊಂದು ಪ್ರಶ್ನೆಯನ್ನು ಇಡುತ್ತವೆ. ನಮ್ಮ ಕನ್ನಡ ಸಭೆಗಳಿಗೆ ಅಸ್ತಿವಾರ ಹಾಕಿದವರೂ ಒಂದು ಕಾಲಕ್ಕೆ ಇಷ್ಟೇ ಎಳೆಯರಾಗಿದ್ದರು. ಅವರಿಗೆ ತರಬೇತಿ ಎಲ್ಲಿ ದೊರೆಯಿತು? ಕನ್ನಡವನ್ನು ಕಲಿಸಿದವರು ಯಾರು?

ಉತ್ತರವನ್ನು ಹುಡುಕಲು ಹಳೆಯ ಬೆಂಗಳೂರಿಗೇ ಹೋಗಬೇಕು. ಅದು ಇಂದಿನ ಊರಲ್ಲ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದದ್ದು ಆ ಶತಮಾನದ ಕೊನೆಯಲ್ಲಿ, ಪ್ಲೇಗಿನ ದಿನಗಳಲ್ಲಿ. ಅದಕ್ಕೆ ಮೊದಲು ಕೋಟೆ, ಅದರ ಪಕ್ಕದ ಪೇಟೆ, ಸ್ವಲ್ಪ ದೂರದಲ್ಲಿ 1809ರಿಂದ ಬ್ರಿಟಿಷರು ಕಟ್ಟಿಕೊಂಡ ದಂಡು, ಇಷ್ಟೇ ಬೆಂಗಳೂರು. ದಂಡಿನಲ್ಲಿ ಸೈನ್ಯದ ಜೊತೆಗೆ ಬಂದ ತಮಿಳರು ಹೆಚ್ಚು. ಆದ್ದರಿಂದ 1820ರಲ್ಲಿ ಬಂದ ಲಂಡನ್ ಮಿಷನ್ನಿನವರಾಗಲಿ, ಅವರ ಹಿಂದೆಯೇ ಬಂದ ವೆಸ್ಲಿಯನ್ನರಾಗಲಿ ಮೊದಲು ಕೈಹಾಕಿದ್ದು ತಮಿಳಿನ ಸೇವೆಗೆ. ಕನ್ನಡ ಬೇಕಾದದ್ದು ಪೇಟೆಯೊಳಗೆ ಕಾಲಿಟ್ಟಾಗ. ಅಲ್ಲಿ ಇಂಗ್ಲಿಷು ನಡೆಯುತ್ತಿರಲಿಲ್ಲ, ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮನುಷ್ಯರ ಮನಸ್ಸನ್ನು ಮುಟ್ಟುವುದೂ ಆಗುವ ಮಾತಲ್ಲ.

ಅವೆನ್ಯೂ ರಸ್ತೆಯ ಜನಸಂದಣಿಯ ನಡುವೆ ನಿಂತಿರುವ ರೈಸ್ ಸ್ಮಾರಕ ದೇವಾಲಯವನ್ನು ಬಲ್ಲವರಿಗೆ ಬೆಂಜಮಿನ್ ರೈಸ್ ಎಂಬ ಹೆಸರು ಹೊಸದಲ್ಲ. 1814ರಲ್ಲಿ ಹುಟ್ಟಿದ ಅವರು ಲಂಡನ್ ಮಿಷನ್ನಿನ ಸೇವಕರಾಗಿ ಬೆಂಗಳೂರಿಗೆ ಬಂದದ್ದು 1837ರಲ್ಲಿ, ಇಪ್ಪತ್ತಮೂರರ ವಯಸ್ಸಿನ ಸುಮಾರಿಗೆ. ತೀರಿಕೊಂಡದ್ದು 1887ರಲ್ಲಿ, ಇದೇ ಊರಿನಲ್ಲಿ. ಐವತ್ತು ವರ್ಷ! ಸತ್ಯವೇದದ ಕನ್ನಡ ಅನುವಾದವನ್ನು ಪರಿಷ್ಕರಿಸಿದವರಲ್ಲಿ ಅವರೂ ಒಬ್ಬರು.

ರೈಸರು ಬಂದ ಎರಡು ವರ್ಷಗಳ ನಂತರ ಇನ್ನೊಬ್ಬ ತರುಣ ಇದೇ ಸಂಸ್ಥಾನಕ್ಕೆ ಬಂದನು. ಅವನ ಹೆಸರು ವಿಲಿಯಂ ಆರ್ಥರ್. ಐರ್ಲೆಂಡಿನವನು, 1819ರಲ್ಲಿ ಹುಟ್ಟಿದವನು, ಹದಿಹರೆಯದಲ್ಲಿಯೇ ಪ್ರಸಂಗ ಮಾಡಲಾರಂಭಿಸಿದವನು. ವೆಸ್ಲಿಯನ್ನರು ಸೇವಕರ ಶಿಕ್ಷಣಕ್ಕಾಗಿ ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ ತೆರೆದಿದ್ದ ವಿದ್ಯಾಲಯಕ್ಕೆ ಅವನನ್ನು ಕಳುಹಿಸಲಾಯಿತು. ಆ ವಿದ್ಯಾಲಯಕ್ಕೇ ಆಗ ಐದು ವರ್ಷವೂ ತುಂಬಿರಲಿಲ್ಲ. ಪ್ರಸಂಗಕ್ಕೆ ವಿದ್ಯೆ ಬೇಕೇ, ಆತ್ಮನ ಪ್ರೇರಣೆ ಸಾಲದೇ ಎಂದು ಆ ಸಭೆಯೊಳಗೇ ವಾದ ನಡೆದಿದ್ದ ಕಾಲವದು. ದೈವಶಾಸ್ತ್ರವನ್ನು ಅಲ್ಲಿ ಜಾನ್ ಹಾನಾ ಎಂಬವರು ಕಲಿಸುತ್ತಿದ್ದರು. ಕನ್ನಡ ಆ ಪಾಠಪಟ್ಟಿಯಲ್ಲಿ ಇರಲಿಲ್ಲ. 1839ರ ಏಪ್ರಿಲಿನಲ್ಲಿ ಆರ್ಥರ್ ಹಡಗು ಹತ್ತಿದಾಗ ಅವನಿಗೆ ಇಪ್ಪತ್ತು ವರ್ಷ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಮೂವತ್ತು ವರ್ಷಗಳಿದ್ದವು. ಆಫ್ರಿಕಾ ಖಂಡವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಕಡಲಿನಲ್ಲಿ ಬರಬೇಕಾಗಿತ್ತು. ಮಗನನ್ನು ಕಳುಹಿಸಿಕೊಟ್ಟ ಮನೆಗೆ ಅವನು ಸೇರಿದ ಸುದ್ದಿ ಬರುವುದಕ್ಕೂ ಅಷ್ಟೇ ತಿಂಗಳು ಕಾಯಬೇಕು. ಇಂದು ನಮ್ಮ ಮಕ್ಕಳು ವಿಮಾನ ಇಳಿದೊಡನೆ ಫೋನು ಮಾಡದಿದ್ದರೆ ನಾವು ಪಡುವ ತಳಮಳವನ್ನು ನೆನೆದರೆ, ಆ ತಾಯಂದಿರ ವಿಶ್ವಾಸ ಎಂಥದೆಂಬುದು ಸ್ವಲ್ಪ ಅರಿವಾದೀತು.

ಆರ್ಥರನಿಗೆ ಗೊತ್ತುಮಾಡಿದ ಸ್ಥಳ ಗುಬ್ಬಿ. ತುಮಕೂರಿನ ಆಚೆಗಿನ ಆ ವ್ಯಾಪಾರದ ಊರಿನಲ್ಲಿ ಥಾಮಸ್ ಹಾಡ್ಸನ್ ಎಂಬ ಹಿರಿಯ ಸೇವಕರು 1837ರಲ್ಲಿ ಕೆಲಸ ಪ್ರಾರಂಭಿಸಿದ್ದರು. ಅಲ್ಲಿ ಮಾತೆಂದರೆ ಕನ್ನಡವೇ. ನಿಜವಾದ ತರಬೇತಿ ಶುರುವಾದದ್ದು ಇಲ್ಲಿಯೇ ಎಂದು ನನ್ನ ಎಣಿಕೆ.

ಆಗ ಕನ್ನಡ ಕಲಿಯುವ ಪರದೇಶದವನಿಗೆ ದೊರೆಯುತ್ತಿದ್ದ ಸಾಧನಗಳನ್ನು ಬೆರಳಿನಲ್ಲಿ ಎಣಿಸಬಹುದು. ಕೇರಿಯವರು 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚು ಹಾಕಿಸಿದ ವ್ಯಾಕರಣ, ಮೆಕ್ಕೆರೆಲ್ ಎಂಬ ಅಧಿಕಾರಿ 1820ರಲ್ಲಿ ಮದರಾಸಿನಲ್ಲಿ ಹೊರತಂದ ಇನ್ನೊಂದು, ಲಂಡನ್ ಮಿಷನ್ನಿನ ವಿಲಿಯಂ ರೀವರ ನಿಘಂಟಿನ ಎರಡು ಭಾಗಗಳು, 1831ರಲ್ಲಿ ಬಳ್ಳಾರಿಯಲ್ಲಿ ಪೂರ್ಣಗೊಂಡ ಸತ್ಯವೇದ. ಕಿಟ್ಟೆಲರ ಮಹಾನಿಘಂಟು ಬರಲು 1894 ಆಗಬೇಕಿತ್ತು. ಪುಸ್ತಕಗಳು ಇಷ್ಟೇ ಆದ್ದರಿಂದ ಉಳಿದುದೆಲ್ಲವೂ ಮುನ್ಷಿಯಿಂದ ಬರಬೇಕು. ಸಂಬಳಕ್ಕೆ ಬಂದು ಪಾಠ ಹೇಳುವ ಈ ಸ್ಥಳೀಯ ಪಂಡಿತನೇ ಮಿಷನರಿಯ ಕಿವಿ, ನಾಲಗೆಗಳೆರಡನ್ನೂ ತಿದ್ದುವವನು. ಸ್ವಲ್ಪ ಯೋಚಿಸಿ ನೋಡಿ. ಬೋಧಿಸಲೆಂದು ಸಮುದ್ರ ದಾಟಿ ಬಂದವನು, ತಾನು ಯಾರಿಗೆ ಬೋಧಿಸಬೇಕೆಂದು ಬಂದನೋ ಅವರಲ್ಲೊಬ್ಬನ ಮುಂದೆ ಮಗುವಿನಂತೆ ಅಕ್ಷರ ತಿದ್ದಬೇಕು. 'ತಲೆ' 'ತಳೆ'ಗಳನ್ನು, 'ಹಲ್ಲು' 'ಹಾಲು'ಗಳನ್ನು ಬೇರ್ಪಡಿಸಲಾರದೆ ಅವನ ನಗೆಯನ್ನು ಸಹಿಸಬೇಕು.

ಉಚ್ಚಾರಣೆ ಕಾಲಕ್ರಮದಲ್ಲಿ ಕೂಡಿಬರುತ್ತದೆ. ಇಂಗ್ಲಿಷಿನ ಮನಸ್ಸಿಗೆ ಹೆಚ್ಚು ಕಷ್ಟ ಕೊಡುವುದು ವಾಕ್ಯದ ನಡೆ. ಅವರ ಭಾಷೆಯಲ್ಲಿ ಮೊದಲು ಮನುಷ್ಯ ಬಂದು, ಅವನು ಎಂಥವನೆಂಬುದು ಆಮೇಲೆ ತಿಳಿಯುತ್ತದೆ. ನಾವು 'ನಿನ್ನೆ ಸಂತೆಯಿಂದ ಬಂದ' ಎಂದೆಲ್ಲ ಹೇಳಿ ಮುಗಿಸಿ ಆಮೇಲೆ 'ಮನುಷ್ಯ' ಎನ್ನುತ್ತೇವೆ, ಕ್ರಿಯಾಪದವಂತೂ ಕೊನೆಗೇ. ಪೌಲನ ಪತ್ರಿಕೆಗಳ ಉದ್ದುದ್ದ ವಾಕ್ಯಗಳನ್ನು ಹೀಗೆ ಹಿಂದುಮುಂದಾಗಿ ಕಟ್ಟುವುದೆಂದರೆ ಮನೆಯನ್ನೇ ಬಿಚ್ಚಿ ಮತ್ತೆ ಕಟ್ಟಿದಂತೆ. ಇನ್ನು ನೀನು, ನೀವು. ಸಂತೆಯಲ್ಲಿ ನಿಂತ ಇಪ್ಪತ್ತರ ಹುಡುಗ ಊರ ಗೌಡನಿಗೆ 'ನೀನು' ಎಂದರೆ ಮುಂದಿನ ಮಾತನ್ನು ಯಾರು ಕೇಳುವರು?

ದೇವರ ವಿಷಯಕ್ಕೆ ಬಂದಾಗ ಈ ತೊಡಕು ಇನ್ನೂ ಆಳವಾಯಿತು. ನಮ್ಮ ಹಳೆಯ ಅನುವಾದವನ್ನು ಓದಿ ಬೆಳೆದವರಿಗೆ ಅದು ವಿಚಿತ್ರವೆನಿಸುವುದಿಲ್ಲ: ದೇವರು ಎಂಬ ಗೌರವದ ರೂಪಕ್ಕೆ 'ಮಾಡಿದನು', 'ಹೇಳಿದನು' ಎಂಬ ಏಕವಚನದ ಕ್ರಿಯಾಪದ. ಹೊರಗಿನ ಕನ್ನಡಿಗರು ಇದನ್ನು ಕೇಳಿದರೆ ಇಂದಿಗೂ ಒಂದು ಕ್ಷಣ ತಡೆಯುತ್ತಾರೆ. ಜನರ ಬಾಯಲ್ಲಿದ್ದ ಪದವನ್ನು ಬಿಡಲೊಲ್ಲದೆ, ದೇವರು ಒಬ್ಬನೇ ಎಂಬುದನ್ನೂ ಬಿಡಲೊಲ್ಲದೆ ಹುಡುಕಿದ ದಾರಿ ಅದು ಎಂದು ನನಗೆ ತೋರುತ್ತದೆ. 'ಹೊಸದಾಗಿ ಹುಟ್ಟುವುದು' ಎಂಬ ಮಾತನ್ನೇ ತೆಗೆದುಕೊಳ್ಳಿ. ಪುನರ್ಜನ್ಮ ಎಂದುಬಿಟ್ಟರೆ ಕೇಳುವವನು ತಲೆದೂಗಿ ಒಪ್ಪಿಕೊಳ್ಳುತ್ತಾನೆ, ಆದರೆ ಒಪ್ಪಿದ್ದು ಬೇರೆಯದನ್ನೇ. ಇಂಥ ಕಡೆ ಎಚ್ಚರಿಸಬಲ್ಲವನು ಮುನ್ಷಿಯೊಬ್ಬನೇ. ಆ ಸುವಾರ್ತೆಯನ್ನು ತಾನು ನಂಬದವನು, ಅದು ತಪ್ಪಾಗಿ ಕೇಳಿಸದಂತೆ ಕಾದನು. ನಮ್ಮ ಸಭಾಚರಿತ್ರೆಯಲ್ಲಿ ಇದಕ್ಕಿಂತ ಸೋಜಿಗದ ಸಂಗತಿಗಳು ಹೆಚ್ಚಿಲ್ಲ. ನಿಘಂಟು, ವ್ಯಾಕರಣಗಳ ಮೊದಲ ಪುಟದಲ್ಲಿರುವುದು ಮಿಷನರಿಗಳ ಹೆಸರು. ಕಲಿಸಿದವರಲ್ಲಿ ಹೆಚ್ಚಿನವರು ಬರಿಯ 'ಮುನ್ಷಿ'ಯಾಗಿಯೇ ಉಳಿದರು. ನಮ್ಮ ದೇವಾಲಯಗಳ ಗೋಡೆಗಳ ಸ್ಮಾರಕ ಕಲ್ಲುಗಳಲ್ಲಿ ಅವರಿಗೊಂದು ಸಾಲು ಇದ್ದಿದ್ದರೆ ಅನ್ಯಾಯವೇನೂ ಆಗುತ್ತಿರಲಿಲ್ಲ.

ಆರ್ಥರನ ಕಥೆ ಮುಂದೆ ಹೇಗಾಯಿತು? ಗುಬ್ಬಿಯಲ್ಲಿ ಅವನ ಆರೋಗ್ಯ ಕುಸಿಯಿತು. 1841ರಲ್ಲಿ, ಬಂದು ಎರಡು ವರ್ಷಗಳಾಗುವಷ್ಟರಲ್ಲಿ, ಇಂಗ್ಲೆಂಡಿಗೆ ಮರಳಬೇಕಾಯಿತು. ಮತ್ತೆ ಇಲ್ಲಿ ಸೇವೆಗೆ ಬರಲಿಲ್ಲ. ಭಾಷೆ ಕೈಗೆ ಹತ್ತುವ ಹೊತ್ತಿಗೆ ಊರು ಬಿಡುವುದೆಂದರೆ ಆ ತರುಣನಿಗೆ ಹೇಗಿದ್ದಿರಬೇಕು! 1847ರಲ್ಲಿ ಅವನು ಮೈಸೂರು ಸೀಮೆಯ ಮಿಷನ್ ಸೇವೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದನು. 1851ರಿಂದ 1868ರ ವರೆಗೆ ವೆಸ್ಲಿಯನ್ ಮಿಷನ್ನಿನ ಕಾರ್ಯದರ್ಶಿಗಳಲ್ಲೊಬ್ಬನಾಗಿದ್ದನು. ನಡುವೆ 1856ರಲ್ಲಿ, ಪವಿತ್ರಾತ್ಮನನ್ನು ಕುರಿತು 'ಅಗ್ನಿಯ ನಾಲಗೆ' ಎಂಬರ್ಥದ ಹೆಸರಿನ ಅವನ ಗ್ರಂಥ ಪ್ರಕಟವಾಗಿ ಬಹಳ ದೇಶಗಳಲ್ಲಿ ಹೆಸರು ಮಾಡಿತು. ಪರಭಾಷೆಯ ಮುಂದೆ ತೊದಲಿದವನೇ ನಾಲಗೆಯ ವಿಷಯವಾಗಿ ಬರೆದದ್ದು ಆಕಸ್ಮಿಕವೇ ಇರಬಹುದು. ಆದರೂ ನನಗೆ ಗುಬ್ಬಿಯ ನೆನಪಾಗುತ್ತದೆ. 1866ರಲ್ಲಿ ಅವನು ತನ್ನ ಸಭೆಯ ಮಹಾಸಮ್ಮೇಳನದ ಅಧ್ಯಕ್ಷನಾದನು. 1901ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ತೀರಿಕೊಂಡನು.

ಆ ಎರಡು ವರ್ಷಗಳು ವ್ಯರ್ಥವಾಗಲಿಲ್ಲ, ದೇವರು ಅವನನ್ನು ಬೇರೊಂದು ಸೇವೆಗೆ ಸಿದ್ಧಪಡಿಸಿದನು ಎಂದು ಜೀವನಚರಿತ್ರೆಕಾರರು ಹೇಳುವುದು ಸಹಜ. ಅದನ್ನು ಅಲ್ಲಗಳೆಯಲಾರೆ. ಆದರೆ ಗುಬ್ಬಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ತಮ್ಮ ಮಾತನ್ನು ಕಲಿತ ಒಬ್ಬ ತರುಣ ಹೊರಟುಹೋದನು. ಮುಂದಿನವನು ಬಂದು ಮತ್ತೆ 'ಅ, ಆ' ಎಂದು ಆರಂಭಿಸಬೇಕು. ಮಿಷನ್ನುಗಳ ದೊಡ್ಡ ನಷ್ಟ ಹಣದ್ದಾಗಿರಲಿಲ್ಲ, ಹೀಗೆ ಕಲಿತು ಹೋದ ಭಾಷೆಯದಾಗಿತ್ತು. ಇದನ್ನು ಅರಿತವರು ಹಾಡ್ಸನ್. 1859ರಲ್ಲಿ ಅವರು ಕನ್ನಡದ ಸರಳ ವ್ಯಾಕರಣವೊಂದನ್ನು ಪ್ರಕಟಿಸಿದರು. 1864ರ ಹೊತ್ತಿಗೆ ಅದರ ಎರಡನೆಯ ಮುದ್ರಣ ಬಂತು. ಉದಾಹರಣೆಯ ಒಂದೊಂದು ಪದವೂ ಕನ್ನಡ ಲಿಪಿಯಲ್ಲಿಯೂ ಇಂಗ್ಲಿಷ್ ಲಿಪಿಯಲ್ಲಿಯೂ ಇರುವಂತೆ ಅದನ್ನು ರಚಿಸಿದ್ದರು. ಹಡಗಿನಿಂದ ಇಳಿದ ಹೊಸಬನ ಕೈಗೆ ಕೊಡುವ ಪುಸ್ತಕವದು.

ಇಷ್ಟೆಲ್ಲ ಪಶ್ಚಿಮದಿಂದ ಬಂದವರ ಮಾತಾಯಿತು. ಇಲ್ಲಿಂದ ಅಲ್ಲಿಗೆ ಹೋಗಿ ತರಬೇತಿ ಪಡೆದವರೂ ಇದ್ದರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದರು. 'ಮಂಗಳೂರು ಸಮಾಚಾರ'ದ ಹರ್ಮನ್ ಮೋಗ್ಲಿಂಗರು 1846ರಲ್ಲಿ ಈ ಯುವಕನನ್ನು ಜೊತೆಯಲ್ಲಿ ಯೂರೋಪಿಗೆ ಕರೆದುಕೊಂಡು ಹೋದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯದಲ್ಲಿ ಓದಿದ ಕೌಂಡಿನ್ಯರು 1851ರಲ್ಲಿ ಸೇವಾದೀಕ್ಷೆ ಪಡೆದು ತಾಯ್ನಾಡಿಗೆ ಮಿಷನರಿಯಾಗಿ ಹಿಂದಿರುಗಿದರು. ಪರದೇಶದ ಭಾಷೆ, ಪರದೇಶದ ಚಳಿ, ಊಟ, ಮನೆಯ ಕಟ್ಟುನಿಟ್ಟು ಎಲ್ಲವನ್ನೂ ಕಲಿಯುವ ಸರದಿ ಈಗ ನಮ್ಮವರದು. ಕಡಲು ದಾಟಿದ್ದರಿಂದ ಕಳೆದುಕೊಂಡದ್ದೂ ಅವರಿಗಿತ್ತು, ಆರ್ಥರನಿಗೆ ಇರಲಿಲ್ಲ. ಫರ್ಡಿನಾಂಡ್ ಕಿಟ್ಟೆಲ್ ಅದೇ ವಿದ್ಯಾಲಯವನ್ನು ಸೇರಿದ್ದು 1850ರಲ್ಲಿ. ಇಲ್ಲಿಂದ ಹೋದವರ ಕೊನೆಯ ದಿನಗಳೂ ಇಲ್ಲಿಗೆ ಬರಲಿದ್ದವರ ಮೊದಲ ದಿನಗಳೂ ಆ ಮನೆಯಲ್ಲಿ ಒಂದಕ್ಕೊಂದು ತಾಕಿಕೊಂಡಿವೆ.

ಮತ್ತೆ ಪೇಟೆಗೆ ಬರೋಣ. ರೈಸ್ ದಂಪತಿಗಳು ಬಂದ 1837ರಲ್ಲಿಯೇ ಅವರ ಮಗ ಲೂಯಿಸ್ ಬೆಂಗಳೂರಿನಲ್ಲಿ ಹುಟ್ಟಿದನು. ಊರೂರು ತಿರುಗಿ ಶಾಸನಗಳನ್ನು ಸಂಗ್ರಹಿಸಿ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಬಿ. ಎಲ್. ರೈಸ್ ಇವರೇ. ತಂದೆ ಪಾಠ ಹೇಳಿಸಿಕೊಂಡು ಕಲಿತ ಮಾತು ಮಕ್ಕಳಿಗೆ ಹುಟ್ಟೂರಿನ ಮಾತಾಯಿತು. ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್ ತಂದೆಯಂತೆಯೇ ಲಂಡನ್ ಮಿಷನ್ನಿನ ಸೇವೆಗೆ ಸೇರಿ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಪ್ರಕಟವಾದದ್ದು 1915ರಲ್ಲಿ. ಇಂದು ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಅದೇ ವರ್ಷ. ಪುಸ್ತಕದ ಎರಡನೆಯ ಆವೃತ್ತಿ 1921ರಲ್ಲಿ ಬಂತು.