ಗುಣಿ ತೆಗೆದವರಿಗೆ ಗುಣಿಯಿಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಸಸಿ ನೆಡೋಕೆ ತೆಗೆಯೋದಕ್ಕೂ ಗುಣಿ ಅಂತಾರೆ, ಹೆಣ ಹೂಳೋಕೆ ತೆಗೆಯೋದಕ್ಕೂ ಗುಣಿ ಅಂತಾರೆ. ಸಸಿಯ ಗುಣಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಹೆಣದ ಗುಣಿ ಆಳುದ್ದ. ಎರಡನ್ನೂ ತಲೆತಲಾಂತರದಿಂದ ತೆಗೆದದ್ದು ನಮ್ಮ ಕೇರಿಯ ಕೈ. ಮೊದಲನೆಯದರಲ್ಲಿ ಬೆಳೆದ ಮರ ನಮ್ಮದಾಗಲಿಲ್ಲ. ಎರಡನೆಯದರಲ್ಲಿ ಮಲಗುವ ಹಕ್ಕಾದರೂ ನಮ್ಮದಾಯಿತೇ? ಈ ಸೀಮೆಯ ಚರಿತ್ರೆಯನ್ನು ನಾವು ಈ ಪ್ರಶ್ನೆಯಿಂದಲೇ ಶುರು ಮಾಡಬೇಕಾಗಿದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ, ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಅಂತ ತಿಳಿಯೋಕೆ ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದರು. ಅವನು 1800ರಲ್ಲಿ ಚಿಕ್ಕನಾಯಕನಹಳ್ಳಿ, ತುರುವೇಕೆರೆ ಮೇಲೆ ಹಾದುಹೋದ. ತೆಂಗಿನ ತೋಟಗಳ ಬಗ್ಗೆ ಬರೆದ. ಹೋದಲ್ಲೆಲ್ಲ ಜಾತಿ ಜಾತಿಯವರನ್ನು ಕರೆಸಿ ಏನು ತಿಂತೀರಿ, ಹೆಣ ಸುಡ್ತೀರೋ ಹೂಳ್ತೀರೋ ಅಂತ ಕೇಳಿ ಬರೆದುಕೊಂಡ. ನಮ್ಮ ಪ್ರಶ್ನೆ ಇನ್ನೊಂದಿದೆ. ಯಾವ ನೆಲದಲ್ಲಿ ಹೂಳ್ತೀರಿ, ಆ ನೆಲ ಯಾರದು?

ಹೂಳುವುದು ಇಲ್ಲಿ ನಮ್ಮೊಬ್ಬರ ಪದ್ಧತಿಯೇನಲ್ಲ. ಲಿಂಗಾಯತರು ಕೂರಿಸಿ ಹೂಳುತ್ತಾರೆ. ಕುರುಬರು ಹೂಳುತ್ತಾರೆ, ಒಕ್ಕಲಿಗರಲ್ಲೂ ಬಹಳ ಜನ ಹೂಳುತ್ತಾರೆ. ಸುಡೋಕೆ ಸೌದೆ ಬೇಕು. ಹೂಳೋಕೆ ಹಾರೆ, ಗುದ್ದಲಿ, ನಾಲ್ಕು ಜನದ ರಟ್ಟೆ ಸಾಕು. ಆದರೆ ನೆಲ ಬೇಕಲ್ಲ! ತೋಟ ಇದ್ದವನು ತನ್ನ ತೋಟದಲ್ಲೇ, ತಾನು ನೆಡಿಸಿದ ಮರದ ಬುಡದಲ್ಲೇ ಮಣ್ಣಾಗುತ್ತಾನೆ. ಬದುಕಿರುವಾಗಲೇ ಮಕ್ಕಳನ್ನು ಕರೆದು, 'ನನ್ನ ಆ ಮೂಲೇಲಿ ಅಪ್ಪನ ಪಕ್ಕ ಇಡ್ರಪ್ಪ' ಅಂತ ಜಾಗ ತೋರಿಸಿಟ್ಟಿರುತ್ತಾನೆ. ಪಹಣಿ ಇದ್ದವನು ತನ್ನ ಸಾವನ್ನೂ ಹೀಗೆ ಗೊತ್ತುಮಾಡಿಕೊಳ್ಳಬಲ್ಲ. ಪಹಣಿ ಇಲ್ಲದವನ ಮನೆಯಲ್ಲಿ ಸಾವಾದರೆ ಹೆಣ ಅಂಗಳದಲ್ಲಿಟ್ಟುಕೊಂಡು ಜಾಗ ಹುಡುಕಬೇಕು. ಹಳ್ಳದ ದಂಡೆ, ಕೆರೆಯ ಅಂಗಳ, ಯಾರಿಗೂ ಬೇಡವಾದ ಖರಾಬು. ಕೆರೆ ತುಂಬಿದ ವರ್ಷ ಊರಿಗೆಲ್ಲ ಹಬ್ಬ. ನಮ್ಮ ಅಜ್ಜ ಅಜ್ಜಿಯರು ನೀರಿನಡಿಗೆ.

ಇದು ಹೇಗಾಯಿತು? ಊರಿನ ಹನ್ನೆರಡು ಆಯಗಾರರಲ್ಲಿ ತೋಟಿಯೂ ಒಬ್ಬ ಅಂತ ಪುಸ್ತಕಗಳು ಹೇಳುತ್ತವೆ. ಅವನ ಕೆಲಸ ಏನು ಅಂತ ನಮ್ಮ ಕೇರಿಯ ಕಾಲುಗಳು ಹೇಳುತ್ತವೆ. ಊರಲ್ಲಿ ಯಾರೇ ಸಾಯಲಿ, ನೆಂಟರೂರಿಗೆ ಸಾವಿನ ಸುದ್ದಿ ಹೊತ್ತು ನಡೆಯಬೇಕು. ತಮಟೆ ಬಡಿಯಬೇಕು. ಗುಣಿ ತೆಗೆಯಬೇಕು. ಸತ್ತ ದನ ಸಾಗಿಸಬೇಕು. ಇದಕ್ಕೆಲ್ಲ ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಕೊನೆಯಲ್ಲಿ ನಿಂತು ಪಡೆಯುವ ಆಯ, ಮತ್ತೆ ತುಂಡು ಇನಾಮು ಜಮೀನು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಹುದ್ದೆ ಹೋಯಿತು, ಇನಾಮು ಜಮೀನನ್ನು ಅದೇ ಮನೆತನಕ್ಕೆ ಮರುಮಂಜೂರು ಮಾಡುವ ದಾರಿ ತೆರೆಯಿತು. ಆದರೆ ಮದುವೆಗೆ, ಕಾಯಿಲೆಗೆ, ಹಳೇ ಸಾಲಕ್ಕೆ ಆ ನೆಲ ಕೈಬಿಟ್ಟು ಹೋದದ್ದೂ ಉಂಟು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗಬಾರದು ಅಂತ ಸರ್ಕಾರ 1978ರ ಕಾಯ್ದೆ ತಂದಿತು. ಅದು 1979ರ ಜನವರಿ 1ರಿಂದ ಜಾರಿಯಾಯಿತು. ಗೆಳೆಯರೇ, ಆ ಕಾಯ್ದೆಯಲ್ಲಿ 'ಮಂಜೂರಾದ ಜಮೀನು' ಎಂಬ ಮಾತಿನ ವಿವರಣೆಯನ್ನು ಒಮ್ಮೆ ಓದಿ ನೋಡಿ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಜಮೀನನ್ನು ಅಲ್ಲಿ ಹೊರಗಿಟ್ಟಿದ್ದಾರೆ. ಅಂದರೆ ಊರಿನ ಹೆಣಕ್ಕೆಲ್ಲ ಗುಣಿ ತೆಗೆದು ದುಡಿದ ನೆಲಕ್ಕೇ ಆ ಕಾವಲು ಸಿಗಲಿಲ್ಲ!

ಆಮೇಲೆ ಕೊಳವೆಬಾವಿ ಬಂತು. ಕೆರೆಯ ಹಿಂದಿನ ತಗ್ಗಿನಲ್ಲಿದ್ದ ತೆಂಗು ದಿಣ್ಣೆಯ ಮೇಲಕ್ಕೂ ಹತ್ತಿತು. 1991ರ ಬಗರ್‌ಹುಕುಂ ಫಾರಂ 50, ಅದರ ಹಿಂದೆ 53, 57. ಗೋಮಾಳ ತುಂಡಾಯಿತು. ನಮ್ಮಲ್ಲೂ ಕೆಲವರಿಗೆ ಎಕರೆ, ಅರ್ಧ ಎಕರೆ ಸಿಕ್ಕಿದೆ, ಇಲ್ಲವೆನ್ನುವುದಿಲ್ಲ. ಆದರೆ ಬೇಲಿ ಹಾಕುವ ಶಕ್ತಿ ಇದ್ದವನ ಸಸಿಸಾಲು ನಮ್ಮವರನ್ನು ಹೂತಿದ್ದ ಜಾಗದ ತನಕ ಬಂತು. ಕಲ್ಲು ಕಿತ್ತು ಸಸಿ ನೆಟ್ಟರೆ ಐದಾರು ವರ್ಷದಲ್ಲಿ ಅದು ತೋಟ. ಅಲ್ಲಿ ಮಸಣ ಇತ್ತು ಅನ್ನೋದಕ್ಕೆ ಸಾಕ್ಷಿ ಯಾರು?

ಕೇರಿಯ ಹಿರಿಯರೊಬ್ಬರನ್ನು ನಾವು ಕೇಳಿದೆವು, 'ದೊಡ್ಡಪ್ಪ, ನೀನು ಎಷ್ಟು ಗುಣಿ ತೆಗ್ದಿದ್ದೀಯ?' 'ಲೆಕ್ಕ ಯಾರು ಇಟ್ಟವ್ರೆ ಮಗ! ಗೌಡ್ರಿಗೆ, ಅಯ್ಯನೋರ್ಗೆ, ಎಲ್ರಿಗೂ ತೆಗ್ದಿದ್ದೀನಿ. ಗುಣಿ ತೆಗಿಯಾಗಂಟ ಅವರ ತೋಟದೊಳಕ್ಕೆ ಬಿಡ್ತಾರೆ. ಆಮೇಲೆ ದೂರ ನಿಂತ್ಕ ಅಂತಾರೆ. ನಂಗೊಂದು ಜಾಗ ನೋಡ್ಕಳಾಕೆ ಆಗ್ಲಿಲ್ಲ' ಅಂದರು. ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಅದಕ್ಕೇ ನಮಗೆ ಕೋಪ ಬಂತು.

ಕಾನೂನು ಇಲ್ಲವೇ? ಇದೆ. ಮಸಣಕ್ಕೆ ಹೋಗದಂತೆ ಅಸ್ಪೃಶ್ಯತೆಯ ಹೆಸರಲ್ಲಿ ತಡೆಯುವುದು 1955ರಿಂದಲೇ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿ ಇದನ್ನು ಹೆಸರು ಹಿಡಿದೇ ಸೇರಿಸಿದೆ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಕೆಲಸಕ್ಕೆ ಕಾದಿರಿಸಬಹುದು. ಮಸಣ ಇಲ್ಲದ ಊರುಗಳಿಗೆಲ್ಲ ಆರು ವಾರದಲ್ಲಿ ಜಾಗ ಕೊಡಿ ಅಂತ 2019ರಲ್ಲಿ ರಾಜ್ಯದ ಹೈಕೋರ್ಟು ಹೇಳಿತು. ಆದೇಶ ಪಾಲಿಸಲಿಲ್ಲವೆಂಬ ನಿಂದನಾ ಅರ್ಜಿ 2022–23ರಲ್ಲೂ ಅಲ್ಲೇ ನಡೆಯುತ್ತಿತ್ತು. ಹೆಣ ಆರು ದಿನ ಕಾಯೋಲ್ಲ, ಕಡತ ಎಷ್ಟು ವರ್ಷ ಬೇಕಾದರೂ ಕಾಯುತ್ತೆ.

ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ 1993ರಲ್ಲಿ ಹೊಸ ತರದ ಮಸಣವೊಂದು ಶುರುವಾಯಿತು. ಗೋರಿ ಕಟ್ಟೋ ಹಾಗಿಲ್ಲ, ಹೂತ ಜಾಗದಲ್ಲಿ ಮರ ಬೆಳೆಸಬೇಕು. ಪ್ರಕೃತಿಗೆ ಹತ್ತಿರ ಅಂತ ಲೋಕ ಅದನ್ನು ಕೊಂಡಾಡಿತು. ನಮ್ಮವರು ಮಾಡಿಕೊಂಡು ಬಂದದ್ದೂ ಅದೇ ಅಲ್ಲವೇ? ಒಂದು ಬಟ್ಟೆ, ಒಬ್ಬೊಬ್ಬರದೂ ಮೂರು ಹಿಡಿ ಮಣ್ಣು, ತಲೆದೆಸೆಗೊಂದು ಕಲ್ಲು, ಮೂರನೇ ದಿನ ಹಾಲುತುಪ್ಪ. ಈಗ ನಾಲ್ಕು ಕಾಸು ಸೇರಿದ ನಮ್ಮವರೂ ಉಳ್ಳವರನ್ನು ನೋಡಿ ಸಿಮೆಂಟು ಗೋರಿ ಕಟ್ಟುತ್ತಿದ್ದಾರೆ. ಇದ್ದ ಹತ್ತು ಗುಂಟೆಯಲ್ಲಿ ಒಂದು ಗೋರಿ ಇನ್ನೊಬ್ಬನ ಜಾಗವನ್ನು ಶಾಶ್ವತವಾಗಿ ಕಸಿಯುತ್ತದೆ. ಇನ್ನೂ ನಾಚಿಕೆಯ ಮಾತು: ಹೊಲೆಯರ ಮಸಣ ಬೇರೆ, ಮಾದಿಗರ ಮಸಣ ಬೇರೆ ಅನ್ನೋ ಗೆರೆಯನ್ನು ಎಳೆದುಕೊಂಡವರು ನಾವೇ. ಊರಿನವರ ಬೇಲಿ ಕೀಳಲು ಹೊರಟವರು ಇದನ್ನು ಬಿಟ್ಟು ಹೋಗೋಕಾಗುತ್ತಾ?

ಆದ್ದರಿಂದ ಕೇರಿ ಕೇರಿಯ ಗೆಳೆಯರಲ್ಲಿ ನಮ್ಮ ಮಾತು ಇಷ್ಟು. ಮನೆಯಲ್ಲಿ ಸಾವಾದ ದಿನ ತಾಲ್ಲೂಕು ಕಚೇರಿಗೆ ಓಡಬೇಡಿ, ಇವತ್ತೇ ಹೋಗಿ. ನಿಮ್ಮೂರ ಮಸಣದ ಸರ್ವೆ ನಂಬರು ಕೇಳಿ. ನಂಬರಿದ್ದರೆ ಹದ್ದುಬಸ್ತು ಮಾಡಿಸಿ, ಕಲ್ಲು ನೆಡಿಸಿ, ಅಲ್ಲಿಗೆ ಹೋಗುವ ದಾರಿಯನ್ನೂ ನಕ್ಷೆಯಲ್ಲಿ ಬರೆಸಿ. ನಂಬರಿಲ್ಲದಿದ್ದರೆ ಎಲ್ಲರೂ ಸೇರಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಿರಿಯರು ಬದುಕಿರುವಾಗಲೇ ಅವರ ಕೈ ಹಿಡಿದು ಕರಕೊಂಡು ಹೋಗಿ, ಯಾರು ಯಾರನ್ನು ಎಲ್ಲೆಲ್ಲಿ ಹೂತಿದೆ ಅಂತ ಬರೆದಿಟ್ಟುಕೊಳ್ಳಿ. ತೋಟ ಎದ್ದ ಜಾಗದಲ್ಲೂ ನಿಂತು ಬರೆದುಕೊಳ್ಳಿ. ನಮ್ಮ ಸಾಕ್ಷಿ ಅಲ್ಲೇ ಮಣ್ಣಿನಡಿ ಮಲಗಿದೆ.