ಹಂಚಿಕೊಂಡ ನಂಬಿಕೆ

ಕಾಗವಾಡದಿಂದ ಮಿರಜಿಗೆ ದೂರ ಹೆಚ್ಚಿಲ್ಲ. ನಡುವೆ ರಾಜ್ಯದ ಗಡಿಯೊಂದು ಬಂದಿದೆ, ಅಷ್ಟೆ. ನಮ್ಮ ಮುತ್ತಜ್ಜಿಯ ಕಣ್ಣಿನ ಪೊರೆಯನ್ನು ಮಿರಜಿನ ಮಿಶನ್ ದವಾಖಾನೆಯಲ್ಲಿ ತೆಗೆದರೆಂಬುದು ನಮ್ಮ ಮನೆಯಲ್ಲಿ ಇಂದಿಗೂ ಉಳಿದಿರುವ ಮಾತು. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಹಿರಿಯರ ಬಾಯಲ್ಲಿಯೂ ಮಿರಜಿನ ದವಾಖಾನೆಯ ಹೆಸರನ್ನು ಕೇಳಿದ್ದೇನೆ.

ಸತ್ಯವೇದದಲ್ಲಿ ಪೌಲನು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರವೊಂದುಂಟು. ಒನೇಸಿಮನೆಂಬ ದಾಸನನ್ನು ಇನ್ನು ದಾಸನಂತಲ್ಲ, ಸೋದರನಂತೆ ಬರಮಾಡಿಕೊಳ್ಳೆಂದು ಸೆರೆಮನೆಯಿಂದ ಮಾಡಿಕೊಂಡ ಬಿನ್ನಹವದು. ಅದರ ಮೊದಲಲ್ಲಿ ಒಂದು ಹಾರೈಕೆಯಿದೆ. ನಂಬಿಕೆಯನ್ನು ಹಂಚಿಕೊಂಡಂತೆ ಒಳಿತಿನ ಅರಿವು ಬೆಳೆಯಲೆಂಬುದು, ನಾನು ತಿಳಿದಂತೆ, ಅದರ ಹುರುಳು. ಅರಿತ ಮೇಲೆ ಹಂಚುವುದು ಲೋಕರೂಢಿ. ಹಂಚುತ್ತ ಅರಿಯುವುದು ಇದರ ಹೊಸತನ.

ನಾನು ಕ್ರೈಸ್ತನಲ್ಲ, ಕನ್ನಡದ ಅಧ್ಯಾಪಕ. ಆದರೂ ಈ ಮಾತು ನಿಜವೆಂದು ನಮ್ಮ ನಾಡಿನ ಮಿಶನ್ ಚರಿತ್ರೆಯೇ ನನಗೆ ತೋರಿಸಿಕೊಟ್ಟಿತು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಸತ್ಯವೇದದ ಅನುವಾದಕ್ಕೆ ತೊಡಗಿದರು. ಪೂರ್ಣ ಗ್ರಂಥ ಅಚ್ಚಾಗುವಷ್ಟರಲ್ಲಿ 1831 ಬಂದಿತ್ತು. ಅಷ್ಟು ವರ್ಷಗಳ ದುಡಿಮೆಯನ್ನೂ ಮುಂದೆ ವೈಗಲ್ ಮೊದಲಾದ ಬಾಸೆಲ್ ಮಿಶನ್ನಿನವರು ತಿದ್ದಬೇಕಾಯಿತು. ಅದೇ ಮಿಶನ್ನಿನಿಂದ 1853ರಲ್ಲಿ ಬಂದ ಕಿಟ್ಟೆಲ್, ಯೇಸುವಿನ ಚರಿತೆಯನ್ನು 'ಕಥಾಮಾಲೆ'ಯೆಂದು ಕನ್ನಡ ಪದ್ಯದಲ್ಲಿ ಬರೆದರು. 1894ರಲ್ಲಿ ತಮ್ಮ ನಿಘಂಟನ್ನು ಕೊಟ್ಟರು. ಕಲಿಸಲು ಬಂದವರು ಹೀಗೆ ಮೊದಲು ಕಲಿಯಲು ಕುಳಿತರು.

ನಮ್ಮ ಸೀಮೆಯನ್ನು ಮಿಶನ್ನುಗಳು ಎರಡು ಕಡೆಯಿಂದ ಸಮೀಪಿಸಿದವು. 1820ರಲ್ಲಿ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದರು. 1852ರಲ್ಲಿ ಅಮೆರಿಕದ ರಾಯಲ್ ವೈಲ್ಡರ್ ಕೊಲ್ಹಾಪುರದಲ್ಲಿ ನೆಲೆಸಿದರು. ಆ ಕೊಲ್ಹಾಪುರದ ಕಡೆಯ ಮಿಶನ್ನಿಗೆ 1889ರಲ್ಲಿ ಬಂದು ಸೇರಿದ ಡಾಕ್ಟರ್ ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜಿನ ಆಸ್ಪತ್ರೆಯನ್ನು ತೆರೆದರು. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿಗಳ ಮೇಲೆ ಹಾಯುವ ರೈಲು ಮಿರಜನ್ನೇ ಮುಟ್ಟುವುದರಿಂದ ನಮ್ಮವರಿಗೆ ಆ ದಾರಿ ಸುಲಭವಾಯಿತು.

ಎಲ್ಲವೂ ಒಳ್ಳೆಯದೇ ಆಗಿತ್ತೆಂದರೆ ಚರಿತ್ರೆಗೆ ಅಪಚಾರವಾದೀತು. ನಮ್ಮ ದೇವರನ್ನೂ ಆಚಾರವನ್ನೂ ಹಳಿದ ಪಾದ್ರಿಗಳೂ ಇದ್ದರು. ಅದರಿಂದ ನೊಂದವರೂ ಇದ್ದರು. ಕೇಳುವವನಲ್ಲಿ ಏನೂ ಇಲ್ಲವೆಂದು ಬಗೆದು ಹೇಳುವುದು ಹಂಚಿಕೆಯಲ್ಲ, ಹೇರಿಕೆ. ಆ ಹಳಿದ ಮಾತುಗಳು ಇಂದು ಯಾರಿಗೂ ಬೇಡವಾಗಿವೆ. ಕಿಟ್ಟೆಲರ ನಿಘಂಟು ಮಾತ್ರ ನನ್ನ ಮೇಜಿನ ಮೇಲಿದೆ.

ಮುತ್ತಜ್ಜಿ ಮಿರಜಿನಿಂದ ಮರಳಿದ ಮೇಲೂ ಇಷ್ಟಲಿಂಗದ ಪೂಜೆಯನ್ನು ಬಿಡಲಿಲ್ಲ. ಪೂಜೆ ಮುಗಿದೊಡನೆ, ಕಣ್ಣು ಕೊಟ್ಟ ಡಾಕ್ಟರನ ದೇವರಿಗೆಂದು ಇನ್ನೊಮ್ಮೆ ಕೈ ಮುಗಿಯುತ್ತಿದ್ದಳಂತೆ. ಆ ಡಾಕ್ಟರನು ಅವಳಿಗೆ ಧರ್ಮವನ್ನು ಬೋಧಿಸಿದನೋ ಇಲ್ಲವೋ, ಮನೆಯಲ್ಲಿ ಯಾರೂ ಹೇಳಲಿಲ್ಲ. ಆದರೆ ಅವನ ನಂಬಿಕೆಯಲ್ಲಿ ಒಂದು ಪಾಲು ಅವಳಿಗೆ ಮುಟ್ಟಿತ್ತೆಂದೇ ನನ್ನ ಭಾವನೆ.