ಸೋಂಪಿನ ತಟ್ಟೆಯಲ್ಲಿ ಉಳಿದ ಚಿಲ್ಲರೆ

ಹೊಸಪೇಟೆಯ ಬಸ್ ನಿಲ್ದಾಣದ ಸುತ್ತಮುತ್ತ ಯಾವ ಹೋಟೆಲಿಗೆ ಹೋಗಿ ಕುಳಿತರೂ ಊಟದ ಕೊನೆಯ ದೃಶ್ಯ ಹೆಚ್ಚು ಕಡಿಮೆ ಒಂದೇ. ಸಪ್ಲೈಯರ್ ಪುಟ್ಟ ತಟ್ಟೆಯಲ್ಲಿ ಬಿಲ್ಲು ತಂದಿಡುತ್ತಾನೆ. ನಾವು ಇಟ್ಟ ನೋಟು ಗಲ್ಲಾಕ್ಕೆ ಹೋಗಿ, ಅದೇ ತಟ್ಟೆ ಒಂದು ಚಿಟಿಕೆ ಸೋಂಪು ಹಾಗೂ ಚಿಲ್ಲರೆಯೊಂದಿಗೆ ಮರಳಿ ಬರುತ್ತದೆ. ಇಪ್ಪತ್ತರ ಒಂದು ನೋಟು ಬರಬಹುದಾಗಿದ್ದ ಕಡೆ ಹತ್ತರ ಎರಡು ನೋಟುಗಳಿರುತ್ತವೆ. ಅದು ಆಕಸ್ಮಿಕವಲ್ಲ. ಎರಡರಲ್ಲಿ ಒಂದನ್ನಾದರೂ ಬಿಟ್ಟುಹೋಗಲಿ ಎಂಬ ಸಣ್ಣ ನಿರೀಕ್ಷೆ ಅದರ ಹಿಂದಿದೆ. ಸಪ್ಲೈಯರ್ ಪಕ್ಕದ ಟೇಬಲ್ ಒರೆಸುವ ನೆಪದಲ್ಲಿ ಅತ್ತ ತಿರುಗಿರುತ್ತಾನೆ. ನಾವು ಸೋಂಪು ಬಾಯಿಗೆ ಹಾಕಿಕೊಂಡು ಲೆಕ್ಕ ಹಾಕುತ್ತಿರುತ್ತೇವೆ. ಎಷ್ಟು ಬಿಡಬೇಕು? ಬಿಡಲೇಬೇಕೆ? ಕಡಿಮೆಯಾದರೆ ಏನಂದುಕೊಂಡಾನು? ಹೆಚ್ಚಾದರೆ ದೊಡ್ಡಸ್ತಿಕೆ ತೋರಿಸಿದಂತಾದೀತೆ?

ಹತ್ತು ರೂಪಾಯಿಯ ಈ ಮುಜುಗರಕ್ಕೂ ಒಂದು ಚರಿತ್ರೆಯಿದೆ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಆ ಚರಿತ್ರೆಯ ಮುಖ್ಯ ಪುಟಗಳೆಲ್ಲ ಸಿಗುತ್ತವೆ.

ಮಾತುಗಳು ಹೇಳುವ ಕಥೆ

ಈಗ ಎಲ್ಲರ ಬಾಯಲ್ಲೂ ಇರುವುದು 'ಟಿಪ್ಸ್'. ಅದಕ್ಕಿಂತ ಹಿಂದಿನ ತಲೆಮಾರು 'ಭಕ್ಷೀಸು', 'ಇನಾಮು', 'ಖುಷಿ' ಎನ್ನುತ್ತಿತ್ತು. ಭಕ್ಷೀಸು ಮತ್ತು ಖುಷಿ ಪಾರಸಿ ಮೂಲದವು, ಇನಾಮು ಅರಬ್ಬಿ ಮೂಲದ್ದು. ಸುಲ್ತಾನರು, ಮರಾಠರು, ನಿಜಾಮರು ಈ ಭಾಗವನ್ನು ಆಳಿದ ಕಾಲದಲ್ಲಿ ಕಚೇರಿಯ ಭಾಷೆಯ ಮೂಲಕ ಇವು ನಮ್ಮ ಮಾತಿಗೆ ಇಳಿದವು. ಸಂಡೂರು 1949ರವರೆಗೂ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು ಎಂಬುದನ್ನು ನೆನೆದರೆ ಇಂಥ ಮಾತುಗಳು ಇಲ್ಲಿ ಗಟ್ಟಿಯಾಗಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಅದಕ್ಕೂ ಹಿಂದಿನ ನಮ್ಮ ಮಾತುಗಳು ಬೇರೆಯೇ ಇದ್ದವು. ದೊಡ್ಡವರು ಕೆಳಗಿನವರಿಗೆ ಕೊಟ್ಟದ್ದು ಉಡುಗೊರೆ. ಕೆಳಗಿನವರು ದೊಡ್ಡವರಿಗೆ ಒಪ್ಪಿಸಿದ್ದು ಕಾಣಿಕೆ. ಊರಿನ ಕೆಲಸ ಮಾಡಿದವರಿಗೆ ಸುಗ್ಗಿಯಲ್ಲಿ ಸಲ್ಲಬೇಕಾದದ್ದು ಆಯ. ಏನೂ ಕೊಡದೆ ಮಾಡಿಸಿಕೊಂಡದ್ದು ಬಿಟ್ಟಿ. ಕೊಡು-ಕೊಳ್ಳುವ ಸಂಬಂಧ ಯಾವ ಬಗೆಯದು ಎಂಬುದನ್ನು ಆ ಮಾತೇ ಹೇಳಿಬಿಡುತ್ತಿತ್ತು. ಇಂದಿನ ಟಿಪ್ಸ್ ಇವುಗಳಲ್ಲಿ ಯಾವುದು ಎಂದು ಕೇಳಿದರೆ ಉತ್ತರ ಸುಲಭವಲ್ಲ. ನಮ್ಮ ಮುಜುಗರದ ಮೂಲ ಅಲ್ಲಿಯೇ ಇದೆ.

ಅರಮನೆಯ ಕೈ

ಪರ್ಷಿಯಾದ ದೊರೆ ಷಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದ. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ತನ್ನ ಬಿಡಾರಕ್ಕೆ ದಿನವೂ ಅರಮನೆಯಿಂದ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ವರಹ ಬರುತ್ತಿತ್ತೆಂದು ಆತ ಬರೆದಿಟ್ಟಿದ್ದಾನೆ. ವಾರಕ್ಕೆರಡು ಸಲ ಸಂಜೆ ದೊರೆಯನ್ನು ಕಂಡಾಗಲೆಲ್ಲ ವೀಳ್ಯ, ಒಂದು ಚೀಲ ಹಣ, ಪಚ್ಚಕರ್ಪೂರ ಸಿಗುತ್ತಿತ್ತು. ಇಲ್ಲಿ ಎಲ್ಲಕ್ಕೂ ಅಳತೆಯಿದೆ, ಕ್ರಮವಿದೆ. ಕೊಡುವವನ ಅಂದಿನ ಮನಸ್ಸು ಹೇಗಿದೆ ಎಂಬುದರ ಮೇಲೆ ಅದು ನಿಂತಿಲ್ಲ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇನ್ನೊಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಕೃಷ್ಣದೇವರಾಯ ಆಗ ತಾನು ಕಟ್ಟಿಸಿದ ಹೊಸ ಊರಿನಲ್ಲಿದ್ದ. ಅದು ನಾಗಲಾಪುರ, ಅಂದರೆ ನಮ್ಮ ಹೊಸಪೇಟೆ. ಅಲ್ಲಿಗೆ ಬಂದ ಕ್ರಿಸ್ಟೋವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಬಿಡಾರಕ್ಕೆ ದೊರೆ ಕುರಿ, ಕೋಳಿ, ಕೊಡಗಟ್ಟಲೆ ಬೆಣ್ಣೆ ಮತ್ತು ಜೇನು ಕಳಿಸಿದ. ಫಿಗೆರೆಡೊ ಅದನ್ನು ತಾನಿಟ್ಟುಕೊಳ್ಳದೆ, ತನ್ನೊಡನೆ ಬಂದಿದ್ದ ಕಾಲಾಳುಗಳಿಗೂ ಇತರ ಜನರಿಗೂ ಕೂಡಲೇ ಹಂಚಿಬಿಟ್ಟ. ಐನೂರು ವರ್ಷಗಳ ಹಿಂದೆ ಹೊಸಪೇಟೆಯಲ್ಲಿ ಒಬ್ಬ ಪರದೇಶಿ ತನಗೆ ಬಂದದ್ದನ್ನು ತನ್ನ ಕೆಲಸದವರ ಕೈಗೆ ದಾಟಿಸಿದ್ದು ಹೀಗೆ.

ಅದೇ ಪಾಯೆಸ್ ತುಂಗಭದ್ರೆಯ ಹರಿಗೋಲನ್ನೂ ಬಣ್ಣಿಸಿದ್ದಾನೆ. ಬುಟ್ಟಿಯಂತೆ ಗುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೇರ ಹೋಗಲಾರದೆ ತಿರುಗುತ್ತಲೇ ಸಾಗುತ್ತದೆ ಎನ್ನುತ್ತಾನೆ. ಹುಟ್ಟು ಹಾಕಿದವರಿಗೆ ಏನು ಸಂದಾಯವಾಯಿತು ಎಂಬುದನ್ನು ಮಾತ್ರ ಬರೆದಿಲ್ಲ. ಅರಮನೆಯ ಕೊಡುಗೆಯ ಲೆಕ್ಕ ಇಡುವ ಪ್ರವಾಸಿಗರು ದುಡಿಯುವವನ ಕೂಲಿಯ ಲೆಕ್ಕ ಇಡುವುದು ಕಡಿಮೆ.

ಕಣದಲ್ಲಿ ಎದ್ದಿಟ್ಟ ಪಾಲು

ಆ ಲೆಕ್ಕ ಹುಡುಕಬೇಕಾದದ್ದು ಹಳ್ಳಿಯ ಕಣದಲ್ಲಿ. ವಿಜಯನಗರದ ಕಾಲದಲ್ಲಿ ಗಟ್ಟಿಯಾಗಿ ಬೇರೂರಿದ್ದ ಆಯಗಾರ ಪದ್ಧತಿಯಲ್ಲಿ ಊರಿಗೆ ಹನ್ನೆರಡು ಆಯಗಾರರೆಂಬುದು ವಾಡಿಕೆಯ ಲೆಕ್ಕ. ಗೌಡ, ಶಾನಭೋಗ, ತಳವಾರ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಹೀಗೆ ಪಟ್ಟಿ ಸಾಗುತ್ತದೆ. ಊರಿಂದೂರಿಗೆ ಅದರಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತಿತ್ತು. ವರ್ಷವಿಡೀ ಇವರು ಕೆಲಸ ಮಾಡುತ್ತಿದ್ದರು. ಸುಗ್ಗಿಯಲ್ಲಿ ರಾಶಿ ಮಾಡಿದಾಗ ಪ್ರತಿಯೊಬ್ಬನಿಗೂ ಅವನ ಪಾಲಿನ ಕಾಳು ಅಳೆದುಕೊಡುತ್ತಿದ್ದರು. ಕೆಲವರಿಗೆ ಮಾನ್ಯದ ಹೊಲವೂ ಇರುತ್ತಿತ್ತು.

ಹೊಸಪೇಟೆ, ಹಂಪಿ, ಕಂಪ್ಲಿ ಕಡೆಯವರಿಗೆ ನೀರಗಂಟಿಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳಂಥ ವಿಜಯನಗರದ ಕಾಲುವೆಗಳ ನೀರನ್ನು ಗದ್ದೆಯಿಂದ ಗದ್ದೆಗೆ ನ್ಯಾಯವಾಗಿ ಹಂಚುವುದು ಅಂಥವನ ಕೆಲಸ. ಅವನಿಗೆ ಸಲ್ಲುವ ಕಾಳು ರೈತನ ಖುಷಿಗೆ ಬಿಟ್ಟದ್ದಾಗಿದ್ದರೆ, ಹೆಚ್ಚು ಕೊಟ್ಟವನ ಗದ್ದೆಗೆ ಹೆಚ್ಚು ನೀರು ಹರಿಯುತ್ತಿತ್ತು. ಪಾಲು ಮೊದಲೇ ಗೊತ್ತಾಗಿದ್ದರೆ ಮಾತ್ರ ಸೇವೆ ಎಲ್ಲರಿಗೂ ಸಮನಾಗಿ ಸಿಗುತ್ತದೆ. ಎಲ್ಲರ ಕಣ್ಣೆದುರು, ಎಲ್ಲರಿಗೂ ತಿಳಿದ ಅಳತೆಯಲ್ಲಿ ಕೊಟ್ಟದ್ದರಿಂದ ಪಡೆಯುವವನು ತಲೆ ತಗ್ಗಿಸಬೇಕಾಗಿರಲಿಲ್ಲ. ಅದು ಅವನ ಹಕ್ಕು.

ಹಾಗೆಂದು ಆ ಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಆಯದ ಹಕ್ಕು ಹುಟ್ಟಿಗೆ ಅಂಟಿಕೊಂಡಿತ್ತು. ಅಗಸನ ಮಗ ಅಗಸನೇ ಆಗಬೇಕಿತ್ತು. ತಲೆ ಕೂದಲು ತೆಗೆದವನಿಗೆ ಕಾಳು ಸಿಗುತ್ತಿತ್ತು, ಮನೆಯೊಳಗೆ ಜಾಗ ಸಿಗುತ್ತಿರಲಿಲ್ಲ. ಪಕ್ಕದಲ್ಲೇ ಬಿಟ್ಟಿಯೂ ಇತ್ತು. ಅಧಿಕಾರಿ ಬಂದರೆ ಗಂಟು ಹೊರುವುದು, ಕಟ್ಟಿಗೆ ತರುವುದು, ದಾರಿ ಕಡಿಯುವುದು ಎಲ್ಲವೂ ಕೂಲಿಯಿಲ್ಲದೆ ನಡೆಯುತ್ತಿತ್ತು. 'ಬಿಟ್ಟಿ' ಎಂಬ ಮಾತನ್ನು ಇಂದು ನಾವು ಪುಕ್ಕಟೆ ಎಂಬರ್ಥದಲ್ಲಿ ನಗುತ್ತ ಬಳಸುತ್ತೇವೆ. ಅದು ಮತ್ತೊಬ್ಬನ ಬೆವರಿನಿಂದ ಬಂದ ಮಾತು.

ಕೊಂಡೋಜನಿಗೆ ಸಿಕ್ಕ ಭಕ್ಷೀಸು

ಈ ಹಿನ್ನೆಲೆಯಲ್ಲಿ ವಿಜಯನಗರದ ಕಾಲದ ಒಂದು ಕೊಡುಗೆ ವಿಶೇಷವಾಗಿ ಕಾಣುತ್ತದೆ. ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯ ಆಳುತ್ತಿದ್ದ 1540ರ ದಶಕದ ಮಾತು. ಬಾದಾಮಿಯ ಕ್ಷೌರಿಕ ಕೊಂಡೋಜ ರಾಮರಾಯನಿಗೆ ಕ್ಷೌರ ಮಾಡಿ ಮೆಚ್ಚುಗೆ ಗಳಿಸಿದ. ಮೆಚ್ಚಿದ ಒಡೆಯ ಒಂದು ಚೀಲ ವರಹ ಕೊಟ್ಟು ಕಳಿಸಿದ್ದರೆ ನಮಗೆ ಕೊಂಡೋಜನ ಹೆಸರೂ ತಿಳಿಯುತ್ತಿರಲಿಲ್ಲ. ಆದದ್ದು ಬೇರೆ. ಕ್ಷೌರಿಕರ ಮೇಲಿದ್ದ ತೆರಿಗೆಗಳನ್ನೂ ಬಿಟ್ಟಿಯನ್ನೂ ರದ್ದು ಮಾಡಲಾಯಿತು. ಆ ಮಾತನ್ನು ಕಲ್ಲಿನಲ್ಲಿ ಕೊರೆಸಲಾಯಿತು. ಬಾದಾಮಿಯೂ ಸೇರಿದಂತೆ ಕರ್ನಾಟಕದ ಹಲವೆಡೆ ಈ ವಿನಾಯಿತಿಯ ಶಾಸನಗಳಿವೆ.

ಒಬ್ಬನ ಕೈಚಳಕಕ್ಕೆ ಸಿಕ್ಕ ಮೆಚ್ಚುಗೆ ಅವನ ಕಸುಬಿನವರೆಲ್ಲರ ಹಕ್ಕಾಯಿತು. ಖುಷಿಯ ಕಾಸು ಆ ದಿನಕ್ಕೆ ಮುಗಿದುಹೋಗುತ್ತದೆ. ಈ ಭಕ್ಷೀಸು ಕೊಂಡೋಜನನ್ನು ಕಂಡೇ ಇರದ ಮನೆಗಳಿಗೂ ತಲುಪಿತು.

ಹೋಟೆಲಿಗೆ ಬಂದ ಟಿಪ್ಸ್

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ. ಮುಂದಿನ ನೂರು ವರ್ಷಗಳಲ್ಲಿ ಕಣದ ಪಾಲು, ಮಾನ್ಯದ ಹೊಲಗಳ ಜಾಗಕ್ಕೆ ನಗದು ಸಂಬಳ ಬರತೊಡಗಿತು. ಸ್ವಾತಂತ್ರ್ಯದ ನಂತರ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ಕೊನೆಗಾಣಿಸಿತು. ಹುಟ್ಟಿನ ಸಂಕೋಲೆ ಕಳಚಿದ್ದು ದೊಡ್ಡ ಲಾಭ. ಆದರೆ ಹಳ್ಳಿ ಬಿಟ್ಟು ಪೇಟೆಯ ಹೋಟೆಲಿಗೆ ಬಂದ ಹುಡುಗನಿಗೆ ಕಣದ ಪಾಲಿನ ಭರವಸೆಯೂ ಇರಲಿಲ್ಲ. ಮಾಲೀಕ ಕೊಡುವ ಸಂಬಳ, ಗಿರಾಕಿ ಬಿಡುವ ಚಿಲ್ಲರೆ, ಇವೆರಡೇ ಅವನ ಆಧಾರ.

ಟಿಪ್ಸ್ ಪದ್ಧತಿ ಹುಟ್ಟಿದ ನಾಡುಗಳಲ್ಲೂ ಅದು ಸಲೀಸಾಗಿ ನಡೆದದ್ದಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರ ಮನೆಗೆ ಊಟಕ್ಕೆ ಹೋದ ಅತಿಥಿ ಹೊರಡುವಾಗ ಆಳುಗಳೆಲ್ಲ ಸಾಲಾಗಿ ನಿಂತು ಕೈಯೊಡ್ಡುತ್ತಿದ್ದರು. 1760ರ ದಶಕದಲ್ಲಿ ಇದನ್ನು ನಿಲ್ಲಿಸಬೇಕೆಂದು ಚಳವಳಿಯೇ ನಡೆಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯ 1909ರಲ್ಲಿ ಟಿಪ್ಸ್ ನಿಷೇಧಿಸಿತು. ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾಗಿದ್ದವು. ಅಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ರೈಲಿನ ಪುಲ್‌ಮನ್ ಬೋಗಿಗಳಲ್ಲಿ ಅಲ್ಪ ಸಂಬಳಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಪ್ರಯಾಣಿಕರ ಟಿಪ್ಸಿನಿಂದ ತುಂಬಿಕೊಳ್ಳಿ ಎಂದು ಬಿಡಲಾಗಿತ್ತು. ಅವರು 1925ರಲ್ಲಿ ಸಂಘ ಕಟ್ಟಿ, 1937ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಸಂಬಳ ಏರಿಸಿಕೊಂಡರು. ಇಂದಿಗೂ ಅಮೆರಿಕದ ಕೇಂದ್ರ ಕಾನೂನು ಟಿಪ್ಸ್ ಪಡೆಯುವ ಕೆಲಸಗಾರನಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ಸಾಕೆನ್ನುತ್ತದೆ. ಟಿಪ್ಸ್ ಸೇರಿಯೂ ಸಾಮಾನ್ಯ ಕನಿಷ್ಠ ಕೂಲಿ ತುಂಬದಿದ್ದರೆ ಮಾತ್ರ ಅವನು ಕೊರತೆ ತುಂಬಿಕೊಡಬೇಕು. ಆ 2.13 ಡಾಲರ್ 1991ರಿಂದ ಬದಲಾಗಿಲ್ಲ. ಜಪಾನಿನಲ್ಲಿ ಇದಕ್ಕೆ ತದ್ವಿರುದ್ಧ. ಮೇಜಿನ ಮೇಲೆ ಹಣ ಬಿಟ್ಟು ಬಂದರೆ ಮರೆತಿರಬೇಕೆಂದು ಹಿಂದೆಯೇ ಓಡಿಬಂದು ಕೊಟ್ಟಾರು.

ನಮ್ಮಲ್ಲಿ 1948ರ ಕನಿಷ್ಠ ವೇತನ ಕಾಯ್ದೆಯ ಅಡಿಯಲ್ಲಿ ಹೋಟೆಲ್ ಕೆಲಸಗಾರರಿಗೂ ಕೂಲಿ ನಿಗದಿಯಾಗುತ್ತ ಬಂತು. 2019ರಲ್ಲಿ ಸಂಸತ್ತು ಆ ಕಾಯ್ದೆಯನ್ನು ವೇತನ ಸಂಹಿತೆಯಲ್ಲಿ ಸೇರಿಸಿತು. ಟಿಪ್ಸ್ ಗಿರಾಕಿ ಕೊಡುವ ಹಣವೇ ಹೊರತು ಮಾಲೀಕ ಕೊಡುವ ಸಂಬಳವಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟು ಆದಾಯ ತೆರಿಗೆಯ ಪ್ರಕರಣವೊಂದರಲ್ಲಿ ಹೇಳಿದೆ. ಸಂಬಳವಲ್ಲದ ಹಣ ಭವಿಷ್ಯನಿಧಿಯ ಲೆಕ್ಕಕ್ಕೂ ಬರುವುದಿಲ್ಲ, ಮುಪ್ಪಿಗೂ ಆಗುವುದಿಲ್ಲ. ಬಿಲ್ಲಿನಲ್ಲಿ ತಾನಾಗಿ 'ಸೇವಾ ಶುಲ್ಕ' ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ಸೂಚನೆಯನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದಾಯಿತು.

ಯಾರಿಗೆ, ಹೇಗೆ?

ಹಾಗಾದರೆ ಹಂಪಿಗೆ ಹೋದವರು ಏನು ಮಾಡಬೇಕು? ಮೊದಲನೆಯದಾಗಿ, ಹರಿಗೋಲಿನವನಿಗಾಗಲಿ ಗೈಡಿಗಾಗಲಿ ಆಟೊದವನಿಗಾಗಲಿ ಹಣವನ್ನು ಮೊದಲೇ ಮಾತಾಡಿ, ಅದನ್ನು ಪೂರ್ತಿ ಕೊಡಬೇಕು. ಕೂಲಿಯಲ್ಲಿ ಐವತ್ತು ರೂಪಾಯಿ ಚೌಕಾಸಿ ಮಾಡಿ ಕೊನೆಗೆ ಇಪ್ಪತ್ತು ರೂಪಾಯಿ ಭಕ್ಷೀಸು ಕೊಡುವುದು ಔದಾರ್ಯವಲ್ಲ. ಕೂಲಿ ಸಂದ ಮೇಲೆ, ಕೆಲಸ ಮನಸ್ಸಿಗೆ ಹಿಡಿಸಿದ್ದರೆ, ಖುಷಿಗೆಂದು ಕೊಡುವುದು ಚೆಂದ. ಕೈಗೆ ಕೊಟ್ಟು, ಮುಖ ನೋಡಿ ಒಂದು ಮಾತಾಡಿದರೆ ಇನ್ನೂ ಚೆಂದ. ಮದುವೆಯ ಮನೆಯಲ್ಲಿ ಅಡುಗೆಯವರಿಗೂ ಓಲಗದವರಿಗೂ ಎಲೆ ಅಡಿಕೆಯ ಜೊತೆಗೇ ದಕ್ಷಿಣೆ ಕೊಡುವ ಪದ್ಧತಿಯಲ್ಲಿ ಈ ಮರ್ಯಾದೆ ಇದೆ.

ಕಣ್ಣಿಗೆ ಬೀಳದವರನ್ನೂ ನೆನೆಯಬೇಕು. ಬಡಿಸಿದವನು ಎದುರಿಗಿರುತ್ತಾನೆ. ಎಂಜಲು ತಟ್ಟೆ ತೊಳೆದವಳು, ಲಾಡ್ಜಿನ ಕೋಣೆ ಗುಡಿಸಿದವಳು ಕಾಣುವುದಿಲ್ಲ. ಎಲ್ಲರೂ ಹಂಚಿಕೊಳ್ಳುವ ಡಬ್ಬಿ ಗಲ್ಲಾದ ಮೇಲಿದ್ದರೆ ಅದಕ್ಕೆ ಹಾಕುವುದು ಒಳ್ಳೆಯದು. ಶಾಲೆಗೆ ಹೋಗಬೇಕಾದ ಮಕ್ಕಳ ಕೈಗೆ ಮಾತ್ರ ಕಾಸು ಹಾಕಬಾರದು. ಹತ್ತು ರೂಪಾಯಿ ನಾಳೆಯ ಪಾಠವನ್ನು ತಪ್ಪಿಸುತ್ತದೆ.

ಸರ್ಕಾರಿ ಕಚೇರಿಯ ಮೇಜಿಗೂ ಈ ಕೈ ಹೋಗಬಾರದು. 'ಮಾಮೂಲು' ಎಂಬ ಅರಬ್ಬಿ ಮಾತಿಗೆ ರೂಢಿಯಲ್ಲಿರುವುದು ಎಂದಷ್ಟೇ ಅರ್ಥ. ರೂಢಿಯಾಗಿ ಕೊಟ್ಟದ್ದು ಕೊಡದೆ ಕೆಲಸವಾಗದು ಎಂಬಲ್ಲಿಗೆ ಬಂದಾಗ ಅದೇ ಮಾತು ಲಂಚಕ್ಕೆ ಹೆಸರಾಯಿತು. ಕೆಲಸದ ನಂತರ ಮನಸ್ಸಾರೆ ಕೊಟ್ಟದ್ದು ಖುಷಿ. ಕೆಲಸಕ್ಕೆ ಮುಂಚೆ ಹೆದರಿ ಕೊಟ್ಟದ್ದು ಮಾಮೂಲು.

ಈಗ ಸೋಂಪಿನ ತಟ್ಟೆಗೇ ಕುತ್ತು ಬಂದಿದೆ. 2016ರಲ್ಲಿ ಶುರುವಾದ ಯುಪಿಐ ಹೊಸಪೇಟೆಯ ಮಿರ್ಚಿ ಬಂಡಿಗೂ ಬಂದಿದೆ. ಮೊಬೈಲು ಎತ್ತಿ ಹಿಡಿದರೆ ಬಿಲ್ಲಿನ ಹಣ ಪೈಸೆ ಸಮೇತ ನೇರವಾಗಿ ಮಾಲೀಕನ ಖಾತೆಗೆ ಹೋಗುತ್ತದೆ. ಚಿಲ್ಲರೆಯೇ ಇಲ್ಲದ ಮೇಲೆ ಬಿಟ್ಟುಹೋಗುವುದೇನನ್ನು? ಯಾರೂ ಜಿಪುಣರಾಗಬೇಕೆಂದು ತೀರ್ಮಾನಿಸಿಲ್ಲ. ಆದರೂ ಆ ಹತ್ತರ ನೋಟು ಬರುವುದು ನಿಂತಿದೆ. ಚಿಲ್ಲರೆಯನ್ನು ನಂಬಿದ ಬದುಕು ಎಷ್ಟು ತೆಳ್ಳಗಿನ ದಾರದ ಮೇಲೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಜೇಬಿನಲ್ಲಿ ಒಂದೆರಡು ಹತ್ತರ ನೋಟು ಇಟ್ಟುಕೊಳ್ಳೋಣ, ಬಿಟ್ಟುಬರೋಣ. ಜೊತೆಗೆ, ಬಡಿಸಿದ ಆ ಹುಡುಗನಿಗೆ ತಿಂಗಳ ಸಂಬಳ ಸರಿಯಾಗಿ ಬರುತ್ತಿದೆಯೇ ಎಂಬ ಪ್ರಶ್ನೆಯನ್ನೂ ಬಿಡದಿರೋಣ. ಕೊಂಡೋಜನ ಕಾಲದ ವರಹಗಳು ಎಂದೋ ಕರಗಿ ಹೋದವು. ಅವನ ಕಸುಬಿನವರಿಗೆ ಸಿಕ್ಕ ಹಕ್ಕಿನ ಮಾತು ಮಾತ್ರ ಕಲ್ಲಿನ ಮೇಲೆ ಇಂದಿಗೂ ಓದಲು ಸಿಗುತ್ತದೆ.